ನೆಲದಡಿಯ ಸ್ಟೇಷನ್ನಿನಲ್ಲಿ ಹೊಸ ಕೆಲಸ: ಮರೋಳದ ತಂಗಿಗೆ ಓದುಗರ ಸ್ಪಂದನ

ಕಳೆದ ವಾರ ಪ್ರಕಟವಾದ ಪತ್ರ:

"ನನಗೆ 24 ವರ್ಷ. ಊರು ಕುಂದಾಪುರದ ಹತ್ತಿರ. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಮುಂಬೈಯ ಮರೋಳದಲ್ಲಿ ಮಾವನ ಮನೆಯಲ್ಲಿದ್ದೇನೆ. ಈಗ ಮೆಟ್ರೋ ಸ್ಟೇಷನ್ನಿನಲ್ಲಿ ಟಿಕೆಟ್ ಕೌಂಟರ್ ಮತ್ತು ಕಸ್ಟಮರ್ ಕೇರ್ ಕೆಲಸಕ್ಕೆ ಆಯ್ಕೆಯಾಗಿದ್ದೇನೆ. ಮುಂದಿನ ತಿಂಗಳು ಟ್ರೇನಿಂಗ್ ಶುರು. ಸ್ಟೇಷನ್ ಪೂರ್ತಿ ನೆಲದಡಿ. ಖುಷಿ ಇದೆ, ಆದರೆ ರಾತ್ರಿ ನಿದ್ದೆ ಬರುತ್ತಿಲ್ಲ. ಕ್ಯಾಶ್ ಕಡಿಮೆ ಬಂದರೆ ಏನು ಮಾಡೋದು? ನನ್ನ ಮರಾಠಿ ತರಕಾರಿ ಕೊಳ್ಳುವಷ್ಟೇ. ಯಾರಾದರೂ ಜೋರು ಮಾಡಿದರೆ ಬಾಯಿ ಕಟ್ಟಿಹೋಗುತ್ತದೆ. ಎಂಟು ಗಂಟೆ ಬಿಸಿಲು ಕಾಣದೆ ಕೆಳಗಿರಬೇಕು, ಅಲ್ಲಿ ಬೆಂಕಿ ಗಿಂಕಿ ಆದರೆ ಅನ್ನುವ ಯೋಚನೆ ಬೇರೆ. ಅಪ್ಪ 'ಬ್ಯಾಂಕ್ ಪರೀಕ್ಷೆ ಬರಿ, ಅದೆಲ್ಲ ಬೇಡ' ಅನ್ನುತ್ತಾರೆ. ಹೋಗಲೋ ಬೇಡವೋ?"

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

---

ಮಗಳೇ, ನಾನು 34 ವರ್ಷ ಲೋಕಲ್ ಗಾಡಿಯ ಬುಕಿಂಗ್ ಕಿಟಕಿಯಲ್ಲಿ ಕೂತವನು. ನಿನ್ನ ಮೊದಲ ಪ್ರಶ್ನೆಗೇ ಬರುತ್ತೇನೆ, ಯಾಕಂದ್ರೆ ನನ್ನ ನಿದ್ದೆ ಕೆಡಿಸಿದ್ದೂ ಅದೇ.

ಕ್ಯಾಶ್ ಒಂದಲ್ಲ ಒಂದು ದಿನ ಕಡಿಮೆ ಬಂದೇ ಬರುತ್ತದೆ. ನನಗೆ ನಾಲ್ಕನೇ ತಿಂಗಳಲ್ಲಿ 60 ರೂಪಾಯಿ ಕಡಿಮೆ ಬಂತು, ಆಗಿನ ಸಂಬಳಕ್ಕೆ ಅದು ದೊಡ್ಡ ಮೊತ್ತ. ಹೆದರಿ ಯಾರಿಗೂ ಹೇಳದೆ ಜೇಬಿನಿಂದ ಹಾಕಿ ಲೆಕ್ಕ ಸರಿ ಮಾಡಿದೆ. ಮರುವಾರ 40 ಕಡಿಮೆ. ಮತ್ತೆ ಜೇಬಿಗೆ ಕೈ. ಮೂರನೇ ಸಲ ಜೇಬಿನಲ್ಲೂ ದುಡ್ಡಿರಲಿಲ್ಲ, ಆಗ ಮೇಲಿನವರ ಮುಂದೆ ಹೋಗಿ ನಿಂತೆ. ಅವರು ಕೇಳಿದ್ದು ಒಂದೇ ಮಾತು, ಮೊದಲ ಸಲವೇ ಯಾಕೆ ಹೇಳಲಿಲ್ಲ ಅಂತ. ಪಕ್ಕದಲ್ಲಿ ಕೂತು ಅರ್ಧ ಗಂಟೆ ನನ್ನ ಕೈ ನೋಡಿದರು, ತಪ್ಪು ಸಿಕ್ಕಿತು. ಗದ್ದಲದ ಹೊತ್ತಿನಲ್ಲಿ ನಾನು ಗಿರಾಕಿಯ ನೋಟನ್ನು ಮೊದಲು ಡ್ರಾಯರಿಗೆ ಹಾಕಿ ಆಮೇಲೆ ಚಿಲ್ಲರೆ ಎಣಿಸುತ್ತಿದ್ದೆ. ಅಷ್ಟರಲ್ಲಿ ಕೊಟ್ಟದ್ದು ನೂರೋ ಐವತ್ತೋ ಮರೆತುಹೋಗುತ್ತಿತ್ತು, ಗಿರಾಕಿ ನೂರು ಅಂದರೆ ನೂರು.

ಅದಕ್ಕೆ ಹೇಳುತ್ತೇನೆ, ಬಂದ ನೋಟನ್ನು ಮೇಜಿನ ಮೇಲೆ ಇಬ್ಬರಿಗೂ ಕಾಣುವ ಹಾಗೆ ಇಡು. "ನೂರು ಕೊಟ್ರಿ" ಅಂತ ಬಾಯಿಬಿಟ್ಟು ಹೇಳು. ಟಿಕೆಟೂ ಚಿಲ್ಲರೆಯೂ ಅವರ ಕೈ ಸೇರಿದ ಮೇಲೆ ನೋಟು ಒಳಗೆ. ಇನ್ನೊಂದು ವಿಷಯ, ಮೆಟ್ರೋ ದರ ಹತ್ತರ ಲೆಕ್ಕದಲ್ಲಿ ಏರುವುದರಿಂದ ನಿನ್ನ ಕೈಗೆ ಹತ್ತು, ಇಪ್ಪತ್ತರ ನಾಣ್ಯ ಜಾಸ್ತಿ ಬರುತ್ತವೆ. ಎರಡೂ ಎರಡು ಬಣ್ಣದ ಲೋಹದವು, ಅವಸರದಲ್ಲಿ ಒಂದೇ ಥರ ಕಾಣುತ್ತವೆ. ಹತ್ತರದ್ದು ದುಂಡು, ಇಪ್ಪತ್ತರದ್ದಕ್ಕೆ 12 ಮೂಲೆ. ಮನೆಯಲ್ಲಿ ಕಣ್ಣು ಮುಚ್ಚಿ ಬೆರಳಿನಲ್ಲೇ ಬೇರೆ ಮಾಡಿ ಅಭ್ಯಾಸ ಮಾಡು, ನಾಲ್ಕು ದಿನ ಸಾಕು.

ರೈಲ್ವೆಯಲ್ಲಿ ಕಿಟಕಿಗೆ ಕೂರುವ ಮೊದಲು ನಮ್ಮ ಸ್ವಂತ ದುಡ್ಡು ಎಷ್ಟಿದೆ ಅಂತ ಪುಸ್ತಕದಲ್ಲಿ ಬರೆಯಬೇಕು. ತಪಾಸಣೆಗೆ ಬಂದವರು ಕಡಿಮೆ ಇದ್ದರಷ್ಟೇ ಅಲ್ಲ, ಜಾಸ್ತಿ ಇದ್ದರೂ ಕೇಳುತ್ತಾರೆ, ಯಾಕಂದ್ರೆ ಜಾಸ್ತಿ ಇದೆ ಅಂದರೆ ಯಾರಿಗೋ ಚಿಲ್ಲರೆ ಹೋಗಿಲ್ಲ. ನಿಮ್ಮಲ್ಲಿ ಇದಕ್ಕೆ ನಿಯಮ ಏನು ಅಂತ ಟ್ರೇನಿಂಗಿನ ಮೊದಲ ದಿನವೇ ಕೇಳು. ಪಾಳಿ ಬದಲಾಗುವಾಗ ಎಣಿಸದೆ ಸಹಿ ಹಾಕಬೇಡ. ಎದುರಿನವರು ಎಷ್ಟೇ ಹಳಬರಿರಲಿ, ಎಷ್ಟೇ ಒಳ್ಳೆಯವರಿರಲಿ. ಕಡಿಮೆ ಬಂದ ದಿನ, ಅದೇ ದಿನ, ಮನೆಗೆ ಹೊರಡುವ ಮೊದಲು ಹೇಳಿಬಿಡು.

— ನಿವೃತ್ತ ಬುಕಿಂಗ್ ಕ್ಲರ್ಕ್, ಡೊಂಬಿವಲಿ

---

ನಾನು ಪುಣೆಯಲ್ಲಿ ಇದೇ ಕೆಲಸದಲ್ಲಿದ್ದೇನೆ, ಊರು ಗದಗ. ಪುಣೆಯ ಸಿವಿಲ್ ಕೋರ್ಟ್ ಸ್ಟೇಷನ್ ನೆಲದಿಂದ ಸುಮಾರು 33 ಮೀಟರ್ ಕೆಳಗಿದೆ, ಹಾಗಾಗಿ ನಿಮ್ಮ ಬಿಸಿಲಿನ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮೊದಲ ಎರಡು ವಾರ ನನಗೂ ಹೊತ್ತು ಗೊತ್ತಾಗುತ್ತಿರಲಿಲ್ಲ. ಹೊರಗೆ ಮಳೆ ಬರುತ್ತಿದೆ ಅಂತ ತಿಳಿಯುತ್ತಿದ್ದದ್ದು ಜನರ ಒದ್ದೆ ಛತ್ರಿ ನೋಡಿ. ಆಮೇಲೆ ಒಂದು ರೂಢಿ ಮಾಡಿಕೊಂಡೆ. ಊಟದ ಬಿಡುವಿನಲ್ಲಿ ಹತ್ತು ನಿಮಿಷವಾದರೂ ಮೇಲೆ ಹೋಗಿ ಆಕಾಶ ನೋಡಿ ಬರುತ್ತೇನೆ, ಹೇಳಿ ಹೋಗಬೇಕು ಅಷ್ಟೇ. ಕೆಳಗೆ ಗಾಳಿ ಇರುವುದಿಲ್ಲ ಅಂತ ಮನೆಯವರು ಹೆದರಿಸುತ್ತಾರೆ. ಹೊರಗಿನ ಗಾಳಿಯನ್ನು ಎಳೆದು ತರುವ ಫ್ಯಾನು, ಎಸಿ ಎಲ್ಲಾ ಇರುತ್ತದೆ, ಮೇ ತಿಂಗಳಿನಲ್ಲಿ ನಾವೇ ಎಲ್ಲರಿಗಿಂತ ಆರಾಮ.

ಟ್ರೇನಿಂಗಿನಲ್ಲಿ ಮೊದಲು ಕ್ಲಾಸು. 2002ರ ಮೆಟ್ರೋ ರೈಲ್ವೆ ಕಾಯ್ದೆ, ಏನು ಒಯ್ಯಬಹುದು ಏನು ಒಯ್ಯಬಾರದು, ಟಿಕೆಟಿಲ್ಲದವರಿಗೆ ಏನು, ಇಂಥದ್ದೆಲ್ಲ. ಬೋರ್ ಅನಿಸಿದರೂ ಬರೆದುಕೊಳ್ಳಿ. ನಾಳೆ ಯಾರಾದರೂ ಗ್ಯಾಸ್ ಸಿಲಿಂಡರ್ ಹೊತ್ತು ಬಂದಾಗ "ಯಾವ ರೂಲು?" ಅಂತ ಕೇಳಿಯೇ ಕೇಳುತ್ತಾರೆ. ಆಮೇಲೆ ಟಿಕೆಟ್ ಮಶೀನು, ಅದಾದ ಮೇಲೆ ಹಳಬರ ಪಕ್ಕ ಕೂರಿಸುತ್ತಾರೆ. ಇಷ್ಟು ದಿನದಲ್ಲಿ ಎಷ್ಟು ಕೇಳಬೇಕೋ ಅಷ್ಟೂ ಕೇಳಿಬಿಡಿ. ಎದೆಯ ಮೇಲೆ ಟ್ರೇನಿ ಅಂತ ಬ್ಯಾಡ್ಜ್ ಇರುವವರೆಗೆ ಯಾವ ಪ್ರಶ್ನೆಯೂ ದಡ್ಡ ಪ್ರಶ್ನೆ ಅಲ್ಲ.

ಜಗಳದ ಬಗ್ಗೆ ಬರೆದಿದ್ದೀರಿ. ನಾನು ನೋಡಿದ ಹಾಗೆ ಹತ್ತರಲ್ಲಿ ಎಂಟು ಜಗಳ ಗೇಟಿನದ್ದು. ಹೊರಗೆ ಹೋಗುವಾಗ ಗೇಟ್ ತೆರೆಯುವುದಿಲ್ಲ. ಕಾರಣ ಸಣ್ಣದು. ಒಳಗೆ ಬರುವಾಗ ಕ್ಯೂಆರ್ ಸರಿಯಾಗಿ ಸ್ಕ್ಯಾನ್ ಆಗಿರುವುದಿಲ್ಲ, ಮುಂದಿನವರ ಹಿಂದೆಯೇ ನುಗ್ಗಿ ಬಂದಿರುತ್ತಾರೆ. ಇಲ್ಲವೇ ತೆಗೆದ ಟಿಕೆಟಿಗಿಂತ ಒಂದು ಸ್ಟೇಷನ್ ಮುಂದೆ ಬಂದಿರುತ್ತಾರೆ. ಇಲ್ಲವೇ ಒಳಗೇ ಜಾಸ್ತಿ ಹೊತ್ತು ಕೂತಿರುತ್ತಾರೆ. ಆದರೆ ಹಿಂದೆ ಇಪ್ಪತ್ತು ಜನ ನಿಂತಿರುವಾಗ ಗೇಟ್ ಕೆಂಪು ದೀಪ ತೋರಿಸಿದರೆ ಮನುಷ್ಯನಿಗೆ ಕಳ್ಳ ಅಂದ ಹಾಗಾಗುತ್ತದೆ, ಅದಕ್ಕೇ ಅವರು ನಿಮ್ಮ ಕೌಂಟರಿಗೆ ಬರುವಾಗಲೇ ಕೂಗಿಕೊಂಡು ಬರುತ್ತಾರೆ. ಅವರ ಮರ್ಯಾದೆ ಉಳಿಸಿದರೆ ಅರ್ಧ ಜಗಳ ಮುಗಿಯಿತು. "ಟಿಕೆಟ್ ತೋರಿಸಿ" ಅನ್ನುವ ಮೊದಲು "ಕೊಡಿ, ನೋಡ್ತೀನಿ, ಸರಿ ಮಾಡೋಣ" ಅನ್ನಿ. ಅದಕ್ಕೂ ಬಗ್ಗದಿದ್ದರೆ ಸ್ಟೇಷನ್ ಕಂಟ್ರೋಲರ್ ಇದ್ದಾರೆ, ಸೆಕ್ಯುರಿಟಿ ಇದ್ದಾರೆ. ಅವರನ್ನು ಕರೆಯೋದು ಸೋಲಲ್ಲ, ನಾನು ಕರೆಯದೆ ಒಬ್ಬಳೇ ವಾದ ಮಾಡಿ ಅತ್ತ ದಿನ ಇದೆ.

— ಸ್ಟೇಷನ್ ಸಿಬ್ಬಂದಿ, ಪುಣೆ

---

ಮುಂಬೈಯ ಗೊಂದಲ ಒಂದು ಸೇರಿಸುತ್ತೇನೆ. ವರ್ಸೋವಾ ಘಾಟ್ಕೋಪರ್ ಲೈನ್ 2014ರಿಂದ ಓಡುತ್ತಿದೆ, ಅದನ್ನು ನಡೆಸುವವರು ಬೇರೆ. ದಹಿಸರ್ ಕಡೆಯ 2ಎ ಮತ್ತು 7ನೇ ಲೈನಿನವರು ಬೇರೆ. ಆರೆಯಿಂದ ಕಫ್ ಪರೇಡಿನವರೆಗಿನ 33.5 ಕಿಲೋಮೀಟರಿನ ನೆಲದಡಿಯ 3ನೇ ಲೈನಿನವರು ಇನ್ನೂ ಬೇರೆ, ಅದು ಪೂರ್ತಿಯಾಗಿ ತೆರೆದದ್ದೇ 2025ರ ಅಕ್ಟೋಬರಿನಲ್ಲಿ. ಜನಕ್ಕೆ ಇದೆಲ್ಲ ಒಂದೇ ಮೆಟ್ರೋ. ಒಂದು ಲೈನಿನ ದೂರು ಇನ್ನೊಂದು ಲೈನಿನ ಕೌಂಟರಿಗೆ ಬರುತ್ತದೆ, ಎರಡು ಲೈನ್ ಸೇರುವ ಮರೋಳ್ ನಾಕಾದಂಥ ಕಡೆ ಅಂತೂ ದಿನವಿಡೀ. "ಅದು ನಮ್ಮದಲ್ಲ" ಅಂದುಬಿಡಬೇಡಿ ತಂಗಿ, ಎಲ್ಲಿಗೆ ಹೋಗಬೇಕು ಅಂತ ದಾರಿ ತೋರಿಸಿ. ಅದಕ್ಕೆ ನಿಮಗೆ ಮೇಲಿನ ದಾರಿಯೂ ಗೊತ್ತಿರಬೇಕು. ಸ್ಟೇಷನ್ ಯಾವುದು ಅಂತ ತಿಳಿದ ಕೂಡಲೇ ಒಂದು ಭಾನುವಾರ ಪ್ರತಿಯೊಂದು ಬಾಗಿಲಿನಿಂದಲೂ ಹೊರಗೆ ಬಂದು ನೋಡಿ. ಎದುರಿಗೆ ಬಸ್ ಸ್ಟಾಪಾ, ಆಸ್ಪತ್ರೆಯಾ, ಲೋಕಲ್ ಸ್ಟೇಷನ್ನಾ, ಬರೆದುಕೊಳ್ಳಿ. ಕೆಳಗೆ ದಿಕ್ಕು ತಿಳಿಯುವುದಿಲ್ಲ, ತಪ್ಪು ಬಾಗಿಲು ಹತ್ತಿದ ಮುದುಕರು ಮೇಲೆ ಬಂದು ರಸ್ತೆ ದಾಟಲಾರದೆ ನಿಂತಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

— ದಿನಾ ಮೆಟ್ರೋ ಹತ್ತುವವನು, ಅಂಧೇರಿ

---

ಭಾಷೆಗೆ ಹೆದರಬೇಡಮ್ಮ. ನಾನು ಧಾರವಾಡದಿಂದ ಮದುವೆಯಾಗಿ ಬಂದವಳು, ಆಮೇಲೆ ಇಲ್ಲೇ ಮಕ್ಕಳಿಗೆ ಪಾಠ ಹೇಳಿದೆ. ಕೌಂಟರಿಗೆ ಸಾಹಿತ್ಯದ ಮರಾಠಿ ಬೇಕಿಲ್ಲ, ಇಪ್ಪತ್ತು ಮಾತು ಬೇಕು. "ಕುಠೇ ಜಾಯಚಂ ಆಹೇ?" ಎಲ್ಲಿಗೆ ಹೋಗಬೇಕು. "ಸುಟ್ಟೆ ಆಹೇತ್ ಕಾ?" ಚಿಲ್ಲರೆ ಇದೆಯಾ. "ಮೀ ಬಘತೇ", ನಾನು ನೋಡುತ್ತೇನೆ. ಉಜವೀಕಡೆ ಬಲಕ್ಕೆ, ಡಾವೀಕಡೆ ಎಡಕ್ಕೆ, ಇವೆರಡು ಮಾತ್ರ ಎಂದೂ ಅದಲು ಬದಲು ಆಗಬಾರದು. "ಥಾಂಬ" ಅಂದರೆ ನಿಲ್ಲು, "ಥಾಂಬಾ" ಅಂದರೆ ನಿಲ್ಲಿ. ಆ ಒಂದು ದೀರ್ಘದಲ್ಲಿ ಮರ್ಯಾದೆ ಇದೆ, ಅದನ್ನು ಬಿಡಬೇಡ. ನಿನ್ನನ್ನು ಯಾರಾದರೂ "ತಾಈ" ಅಂದರೆ ನಮ್ಮ ತಾಯಿ ಅಲ್ಲ, ಅಕ್ಕ ಅಂತ ಕರೆಯುತ್ತಿದ್ದಾರೆ. ವಯಸ್ಸಾದ ಹೆಂಗಸರಿಗೆ ನೀನು "ಮಾವಶೀ" ಅನ್ನು, ಮುಖ ಅರಳುತ್ತದೆ. ತಿಳಿಯದಿದ್ದರೆ "ಪುನ್ಹಾ ಸಾಂಗಾ", ಇನ್ನೊಮ್ಮೆ ಹೇಳಿ. ಅರ್ಥವಾಗದೆ ತಲೆಯಾಡಿಸಿ ತಪ್ಪು ಟಿಕೆಟ್ ಕೊಡುವುದಕ್ಕಿಂತ ಅದು ಸಾವಿರ ಪಾಲು ಮೇಲು.

— ಮಾಟುಂಗಾದಿಂದ ಒಬ್ಬ ಟೀಚರ್

---

ಬೆಂಕಿಯ ಬಗ್ಗೆ ಯಾರೂ ಸುಮ್ನೆ "ಏನೂ ಆಗಲ್ಲ" ಅಂತ ಹೇಳಬಾರದು. ನಾನು ಕಾರ್ಖಾನೆಗಳಲ್ಲಿ ಸುರಕ್ಷತೆಯ ತರಬೇತಿ ಕೊಡುವವನು. ನೀವು ಆ ಭಯ ಇಟ್ಟುಕೊಂಡಿರುವುದು ಸರಿಯಾಗಿಯೇ ಇದೆ, ಅದನ್ನು ಕೆಲಸಕ್ಕೆ ಹಚ್ಚಿ.

1987ರ ನವೆಂಬರ್ 18ರ ಸಂಜೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನೆಲದಡಿ ಸ್ಟೇಷನ್ನಿನಲ್ಲಿ ಒಂದು ಮರದ ಎಸ್ಕಲೇಟರಿನ ಸಂದಿಗೆ ಉರಿಯುವ ಬೆಂಕಿಕಡ್ಡಿ ಬಿತ್ತು. ಕೆಳಗೆ ವರ್ಷಗಳ ಗ್ರೀಸು, ಕಸ ಕೂಡಿಕೊಂಡಿತ್ತು. ಮೊದಲು ಕಂಡದ್ದು ಸಣ್ಣ ಬೆಂಕಿ. ಸ್ವಲ್ಪ ಹೊತ್ತಿನಲ್ಲೇ ಅದು ಟಿಕೆಟ್ ಹಾಲಿಗೆ ಒಮ್ಮೆಗೇ ನುಗ್ಗಿತು. 31 ಜನ ಸತ್ತರು. ಎಸ್ಕಲೇಟರಿಗೆ ನೀರು ಸಿಂಪಡಿಸುವ ಸಲಕರಣೆ ಅಲ್ಲಿಯೇ ಇತ್ತು, ಯಾರೂ ಅದನ್ನು ತಿರುಗಿಸಲಿಲ್ಲ. ಸಿಬ್ಬಂದಿಗೆ ಸರಿಯಾದ ತರಬೇತಿಯೇ ಇರಲಿಲ್ಲ ಅಂತ ಆಮೇಲಿನ ವಿಚಾರಣೆ ಹೇಳಿತು. ಅಲ್ಲಿನ ಮರದ ಎಸ್ಕಲೇಟರುಗಳನ್ನು ತೆಗೆಸಿದ್ದು, ಸಿಬ್ಬಂದಿಗೆ ಬೆಂಕಿಯ ತರಬೇತಿ ಬಿಗಿಯಾದದ್ದು ಈ ದುರಂತದ ನಂತರ. ಇವತ್ತಿನ ಸ್ಟೇಷನ್ನುಗಳಲ್ಲಿ ಹೊಗೆ ಎಳೆಯುವ ಫ್ಯಾನು, ನೀರಿನ ಸ್ಪ್ರಿಂಕ್ಲರು, ಕಬ್ಬಿಣದ ಎಸ್ಕಲೇಟರು ಎಲ್ಲ ಇವೆ. ಆದರೆ ಅಂದು ಸಲಕರಣೆ ಇದ್ದೂ ಕೈ ಹೋಗಲಿಲ್ಲ ಅನ್ನುವುದು ನನ್ನನ್ನು ಇಂದಿಗೂ ಕಾಡುತ್ತದೆ.

ಆದ್ದರಿಂದ ಡ್ರಿಲ್ ಇದ್ದ ದಿನ ಹಿಂದೆ ನಿಲ್ಲಬೇಡಿ, ಮುಂದೆ ನಿಲ್ಲಿ. ಬೆಂಕಿ ಆರಿಸುವ ಸಿಲಿಂಡರನ್ನು ಕೈಯಲ್ಲಿ ಹಿಡಿದು ಭಾರ ನೋಡಿ. ಗೇಟುಗಳನ್ನು ಒಮ್ಮೆಗೇ ತೆರೆದಿಡುವುದು ಹೇಗೆ, ಯಾರಿಗೆ ಮೊದಲು ಫೋನ್ ಮಾಡಬೇಕು, ಜನರನ್ನು ಯಾವ ಮೆಟ್ಟಿಲಿಗೆ ಕಳಿಸಬೇಕು, ಇದನ್ನು ಬಾಯಿಪಾಠ ಮಾಡಿ. ಬೆಂಕಿಯಲ್ಲಿ ಲಿಫ್ಟ್ ಬೇಡ, ಇದನ್ನು ಜನರಿಗೆ ನೀವೇ ಕೂಗಿ ಹೇಳಬೇಕಾಗುತ್ತದೆ. ಇನ್ನು ದಿನನಿತ್ಯದ ಅಪಾಯ ಬೆಂಕಿಗಿಂತ ಎಸ್ಕಲೇಟರಿನದ್ದು. ಸೀರೆಯ ನೆರಿಗೆ, ದುಪಟ್ಟಾ, ಮಕ್ಕಳ ಮೆತ್ತನೆಯ ರಬ್ಬರ್ ಚಪ್ಪಲಿ ಸಂದಿಗೆ ಸಿಕ್ಕಿಕೊಳ್ಳುತ್ತವೆ. ಎಸ್ಕಲೇಟರ್ ನಿಲ್ಲಿಸಲು ಕೆಳಗೂ ಮೇಲೂ ಕೆಂಪು ಬಟನ್ ಇರುತ್ತದೆ. ಹೊಸ ಸ್ಟೇಷನ್ನಿಗೆ ಕಾಲಿಟ್ಟ ದಿನ ಪ್ರತಿಯೊಂದು ಬಟನ್ ಎಲ್ಲಿದೆ ಅಂತ ನಡೆದು ನೋಡಿ.

— ಥಾಣೆ

---

ಸೇರುವ ಮೊದಲು ಅಪಾಯಿಂಟ್‌ಮೆಂಟ್ ಲೆಟರ್ ಪೂರ್ತಿ ಓದಿ. ಕೆಲಸ ಕೊಡುತ್ತಿರುವುದು ನೇರವಾಗಿ ಮೆಟ್ರೋ ಕಂಪನಿಯೋ, ಗುತ್ತಿಗೆದಾರರೋ? ಇಷ್ಟು ವರ್ಷ ಬಿಡುವಂತಿಲ್ಲ ಅನ್ನುವ ಬಾಂಡ್ ಇದೆಯಾ? ಟ್ರೇನಿಂಗಿನ ತಿಂಗಳಿಗೆ ಸಂಬಳ ಎಷ್ಟು? ಪಿಎಫ್‌ಗೆ ನಿಮ್ಮ ಪಾಲು 12 ಪ್ರತಿಶತ ಕಡಿತವಾಗುತ್ತಿದ್ದರೆ ಯುಎಎನ್ ಅನ್ನುವ ನಿಮ್ಮ ಪಿಎಫ್ ನಂಬರ್ ಕೇಳಿ ಪಡೆಯಿರಿ. ಸಂಬಳ 21,000ದೊಳಗಿದ್ದರೆ ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಬಗ್ಗೆಯೂ ಕೇಳಿ. ನಾಚಿಕೆಪಡುವ ವಿಷಯವೇ ಅಲ್ಲ.

— ಅಕೌಂಟೆಂಟ್, ಮುಲುಂಡ್

---

ಮಗಾ, ನಾನು ಬೈಂದೂರಿನವನು, 1979ರಲ್ಲಿ ಹೋಟೆಲ್ ಕೆಲಸಕ್ಕೆ ಅಂತ ಬಂದು ರಾತ್ರಿ ಶಾಲೆಯಲ್ಲಿ ಓದಿ ಕೊನೆಗೆ ಗಲ್ಲಾದ ಮೇಲೆ ಕೂತವನು. ಅಪ್ಪನ ಮಾತನ್ನು ತಳ್ಳಿಹಾಕಬೇಡ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ 28ರ ತನಕ ವಯಸ್ಸಿದೆ, ನಿನಗೆ ಇನ್ನೂ ಸಮಯ ಇದೆ. ಪಾಳಿ ಕೆಲಸದಲ್ಲಿ ಮಧ್ಯಾಹ್ನವೋ ಬೆಳಗ್ಗೆಯೋ ಮೂರು ಗಂಟೆ ನಿನ್ನದಾಗುತ್ತದೆ, ಆಗ ಓದು. ಅಪ್ಪನಿಗೆ ಇದನ್ನೇ ಹೇಳು, "ಬಿಡೋದಿಲ್ಲ, ದುಡಿಯುತ್ತಾ ಬರೀತೇನೆ" ಅಂತ. ದೂರದಲ್ಲಿರುವ ಅಪ್ಪನಿಗೆ ಮಗಳು ನೆಲದಡಿ ಕೆಲಸ ಮಾಡುತ್ತಾಳೆ ಅಂದರೆ ಕಣ್ಣ ಮುಂದೆ ಬಾವಿ ಬರುತ್ತದೆ. ಒಂದು ವಿಡಿಯೋ ಕಾಲ್ ಮಾಡಿ ಆ ದೀಪ, ಆ ನೆಲ, ಓಡಾಡುವ ಹೆಂಗಸರು ಮಕ್ಕಳು ಎಲ್ಲ ತೋರಿಸು, ಡ್ಯೂಟಿ ಇಲ್ಲದ ಹೊತ್ತಿನಲ್ಲಿ. ಮೊದಲ ಗಾಡಿ ಆರರ ಹತ್ತಿರ ಹೊರಡುತ್ತದೆ, ಹಾಗಾಗಿ ಬೆಳಗಿನ ಪಾಳಿಗೆ ಕತ್ತಲೆಯಲ್ಲೇ ಮನೆ ಬಿಡಬೇಕು. ಆ ಹೊತ್ತಿಗೆ ಯಾರು ಬಿಡುತ್ತಾರೆ, ರಿಕ್ಷಾ ಎಲ್ಲಿ ಸಿಗುತ್ತದೆ ಅಂತ ಮಾವನ ಹತ್ತಿರ ಈಗಲೇ ಮಾತಾಡಿಕೋ. ಖಾಲಿ ಹೊಟ್ಟೆಯಲ್ಲಿ ಮಾತ್ರ ಗಲ್ಲಾಕ್ಕೆ ಕೂರಬೇಡ, ಲೆಕ್ಕ ತಪ್ಪುವುದೇ ಹಸಿದಾಗ.

— ಘಾಟ್ಕೋಪರ್

---

ನನ್ನ ಅತ್ತೆಗೆ 78. ಎಸ್ಕಲೇಟರ್ ಕಂಡರೆ ಕೈ ನಡುಗುತ್ತದೆ. ಮೊದಲ ಸಲ ಸಿದ್ಧಿವಿನಾಯಕನ ದರ್ಶನಕ್ಕೆ ಮೆಟ್ರೋದಲ್ಲಿ ಕರೆದುಕೊಂಡು ಹೋದಾಗ ಕೌಂಟರಿನ ಹುಡುಗಿ ಒಬ್ಬಳು ಎದ್ದು ಬಂದು ಲಿಫ್ಟಿನ ತನಕ ಅವರ ಕೈ ಹಿಡಿದು ನಡೆಸಿದಳು. ಎರಡು ನಿಮಿಷದ ಕೆಲಸ. ಮನೆಗೆ ಬಂದ ಮೇಲೆ ಅತ್ತೆ ದೇವಸ್ಥಾನದ ವಿಷಯ ಒಂದು ಸಲ ಹೇಳಿದರೆ ಆ ಹುಡುಗಿಯ ವಿಷಯ ನಾಲ್ಕು ಸಲ ಹೇಳಿದರು. ಮೊಬೈಲಿನಲ್ಲಿ ಟಿಕೆಟ್ ತೆಗೆಯಲು ಬಾರದವರು, ಕೆಳಗೆ ನೆಟ್‌ವರ್ಕ್ ಸಿಗದೆ ಪರದಾಡುವವರು, ಕಣ್ಣು ಕಾಣದೆ ನೆಲದ ಹಳದಿ ಟೈಲ್ಸಿನ ಗೀರು ಹಿಡಿದು ಬರುವವರು, ಇವರೇ ನಿಮ್ಮ ಕೌಂಟರಿಗೆ ಬರುವವರು. ಉಳಿದವರೆಲ್ಲ ಗೇಟಿನಲ್ಲೇ ಹೋಗಿಬಿಡುತ್ತಾರೆ ಅಲ್ವಾ.

ಹೋಗಿ ಸೇರಿಕೊಳ್ಳಿ. ಟ್ರೇನಿಂಗ್ ಮುಗಿದು ಯಾವ ಸ್ಟೇಷನ್ ಸಿಕ್ಕಿತು ಅಂತ ಇಲ್ಲೇ ಒಂದು ಸಾಲು ಬರೆಯಿರಿ. ಅತ್ತೆಯನ್ನು ಕರೆದುಕೊಂಡು ಬರುತ್ತೇನೆ. ಅವರು ಟಿಕೆಟ್ ಕೇಳುವುದು ಕನ್ನಡದಲ್ಲೇ.

— ಸಾಕಿನಾಕಾ