ಅರುಗುಲಾ (ಸಾಸಿವೆ ಕುಲದ ಖಾರದ ಸೊಪ್ಪು) ಮೈಕ್ರೋಗ್ರೀನ್ಸ್, ಅಂದರೆ ಟ್ರೇನಲ್ಲಿ ಬೆಳೆದು ಎಳೆಯದರಲ್ಲೇ ಕೊಯ್ಯೋ ಸಸಿ, ಮೂರೇ ದಿನಕ್ಕೆ ಕೊಳೀತಿದೆ, ರುಚಿಯೂ ಕಹಿ. ತಪ್ಪೆಲ್ಲಿ?

ಹಸಿರುಟ್ರೇ:
10×20 ಇಂಚಿನ ಟ್ರೇ, ಕೊಕೊಪೀಟ್ (ತೆಂಗಿನ ನಾರಿನ ಪುಡಿ), 25 ಗ್ರಾಂ ಬೀಜ. ರಾತ್ರಿಯಿಡೀ ನೆನೆಸಿ ಬಿತ್ತಿದ್ದು, 15ನೇ ದಿನ ಕೊಯ್ದಿದ್ದು. ತೊಳೆದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ಗೆ ಇಟ್ಟರೆ ಮೂರನೇ ದಿನಕ್ಕೆ ಅಡಿಯ ಸೊಪ್ಪು ಲೋಳೆಯಾಗಿ, ಕೊಳೆತ ಎಲೆಕೋಸಿನ ವಾಸನೆ. ದೊಡ್ಡ ಸೊಪ್ಪಿಗಿಂತ 40 ಪಟ್ಟು ಪೌಷ್ಟಿಕ ಅಂತಾರಲ್ಲ, ಅದೆಷ್ಟು ನಿಜ?

ಬೀಜಗಣಿತ:
ಫ್ರಿಜ್‌ಗೆ ಹೋಗೋ ಮೊದಲೇ, ಟ್ರೇನಲ್ಲೇ ಕೆಟ್ಟಿದೆ ಸರ್. ಅರುಗುಲಾ ಬೀಜ ಕಾಮಕಸ್ತೂರಿ ಬೀಜದ ಹಾಗೆ, ನೀರು ತಾಗಿದರೆ ಲೋಳೆ ಬಿಡುತ್ತೆ. ನೆನೆಸಿದರೆ ಗಂಟು ಕಟ್ಟಿ, ಒಂದೇ ಕಡೆ ರಾಶಿ ಬೀಳುತ್ತೆ. ಒಣ ಬೀಜವನ್ನೇ ಒದ್ದೆ ಕೊಕೊಪೀಟ್ ಮೇಲೆ ಉದುರಿಸಿ, ಮಣ್ಣು ಮುಚ್ಚಬೇಡಿ. ಆ ಅಳತೆಯ ಟ್ರೇಗೆ 10ರಿಂದ 12 ಗ್ರಾಂ ಸಾಕು. 25 ಗ್ರಾಂ ಹಾಕಿದರೆ ಕಾಂಡಗಳ ನಡುವೆ ಗಾಳಿ ಆಡಲ್ಲ, ಬುಡ ಕೊಳೆಯೋ ರೋಗ ಬರುತ್ತೆ.

ನೀರು ಸ್ಪ್ರೇ ಮಾಡಿ 3 ದಿನ ಕತ್ತಲಲ್ಲಿಡಿ, ಆಮೇಲೆ ಬೆಳಕು. ಮೊಳಕೆ ಎದ್ದು ನಿಂತ ಮೇಲೆ ನೀರು ಅಡಿಗಿಟ್ಟ ಇನ್ನೊಂದು ಟ್ರೇಯಿಂದ ಮಾತ್ರ. ಬೇರಿನ ಸುತ್ತ ಬಿಳಿ ನವಿರು ಎಳೆ ಕಂಡರೆ ಬೂಷ್ಟು ಅಂತ ಎಸೆಯಬೇಡಿ. ನೀರು ಚಿಮುಕಿಸಿದಾಗ ಮಾಯವಾದರೆ ಅದು ಬೇರಿನ ರೋಮ. ಬೂಷ್ಟಾದರೆ ಹೋಗಲ್ಲ, ಜೇಡರಬಲೆ ಥರ ಕಾಂಡಕ್ಕೂ ಹಬ್ಬಿರುತ್ತೆ.

15 ದಿನ ತೀರಾ ತಡ, ಕಹಿ ಅದಕ್ಕೇ. ಬೀಜದಳಗಳು (ಮೊದಲು ಬರೋ ಜೋಡಿ ಎಲೆ) ಪೂರ್ತಿ ಬಿಚ್ಚಿ, ನಿಜ ಎಲೆ ಇಣುಕೋ ಹೊತ್ತಿಗೆ, ಅಂದರೆ 8ರಿಂದ 12 ದಿನಕ್ಕೆ ಕೊಯ್ಯಿರಿ. ಬೇಸಿಗೆಯ ಬಿಸಿಗೆ ಕಹಿ ಇನ್ನೂ ಬೇಗ ಏರುತ್ತೆ.

ತಂಪುಪೆಟ್ಟಿಗೆ:
ವಾಸನೆಗೆ ಕಾರಣ ಆ ಬಿಗಿ ಮುಚ್ಚಳ. ಕೊಯ್ದ ಸೊಪ್ಪೂ ಉಸಿರಾಡುತ್ತೆ. ಆಮ್ಲಜನಕ ಮುಗಿದರೆ ಸಾಸಿವೆ ಕುಲದ ಸೊಪ್ಪಿನಲ್ಲಿ ಗಂಧಕದ ದುರ್ವಾಸನೆ ಹುಟ್ಟುತ್ತೆ. ಕೊಯ್ಲಿಗೆ ಎಂಟು ಗಂಟೆ ಮೊದಲು ನೀರು ನಿಲ್ಲಿಸಿ, ಹರಿತವಾದ ಕತ್ತರಿಯಲ್ಲಿ ಕತ್ತರಿಸಿ (ಮೊಂಡಾದರೆ ಕಾಂಡ ಜಜ್ಜಿ, ಕೊಳೆಯೋದು ಅಲ್ಲಿಂದಲೇ ಶುರು). ತೊಳೆಯೋದು ತಿನ್ನೋ ಮುಂಚೆ ಮಾತ್ರ. ಡಬ್ಬಿಯ ತಳಕ್ಕೂ ಮೇಲಕ್ಕೂ ಟಿಶ್ಯೂ, ನಡುವೆ ಒತ್ತದೆ ಸೊಪ್ಪು, ಮುಚ್ಚಳ ಸಡಿಲ. ಟಿಶ್ಯೂ ಒದ್ದೆಯಾದರೆ ಬದಲಿಸಿ. 4-5 ಡಿಗ್ರಿಯಲ್ಲಿ ವಾರ ಧಾರಾಳವಾಗಿ ಇರುತ್ತೆ. ಹಿಂದಿನ ಗೋಡೆಗೆ ತಾಗಿಸಬೇಡಿ, ಹೆಪ್ಪುಗಟ್ಟುತ್ತೆ. ಸೇಬು, ಬಾಳೆಹಣ್ಣಿನ ಪಕ್ಕವೂ ಬೇಡ, ಅವು ಬಿಡೋ ಎಥಿಲೀನ್ ಅನಿಲಕ್ಕೆ ಸೊಪ್ಪು ಹಳದಿಯಾಗುತ್ತೆ.

ಊಟಬಲ್ಲವ:
40 ಪಟ್ಟು ಅನ್ನೋ ಮಾತು 2012ರಲ್ಲಿ ಅಮೆರಿಕದಲ್ಲಿ 25 ಬಗೆಯ ಮೈಕ್ರೋಗ್ರೀನ್ಸ್ ಮೇಲೆ ನಡೆದ ಅಧ್ಯಯನದ್ದು. ಅದು ಕೆಲವು ವಿಟಮಿನ್, ಕೆಲವು ಗಿಡಗಳಿಗೆ ಸಿಕ್ಕ ಗರಿಷ್ಠ ಅಂಕಿ. ಅದನ್ನು ಎಲ್ಲಾ ಸೊಪ್ಪಿಗೂ ಅಂಟಿಸಿ ಮಾರೋದು ಬರೀ ಜಾಹೀರಾತು. ಬಲಿತ ಅರುಗುಲಾ 100 ಗ್ರಾಂಗೆ ಸುಮಾರು 25 ಕ್ಯಾಲೊರಿ, 160 ಮಿ.ಗ್ರಾಂ ಕ್ಯಾಲ್ಸಿಯಂ, 109 ಮೈಕ್ರೋಗ್ರಾಂ ವಿಟಮಿನ್ ಕೆ. ನಾವು ತಟ್ಟೆಗೆ ಹಾಕಿಕೊಳ್ಳೋದು 15-20 ಗ್ರಾಂ, ಲೆಕ್ಕ ನೀವೇ ಹಾಕಿ. ವಿಟಮಿನ್ ಕೆ ರಕ್ತ ಹೆಪ್ಪುಗಟ್ಟಲು ನೆರವಾಗುತ್ತೆ, ಹಾಗಾಗಿ ರಕ್ತ ತೆಳುವಾಗಿಸೋ ವಾರ್ಫರಿನ್ ಮಾತ್ರೆ ತಗೊಳ್ಳೋರು ಮಾತ್ರ ಸೊಪ್ಪನ್ನು ದಿಢೀರನೆ ಹೆಚ್ಚು ಕಮ್ಮಿ ಮಾಡದೆ ವೈದ್ಯರನ್ನು ಕೇಳಬೇಕು.

ಕಾರ ಬೇಕಿದ್ದರೆ ಹಸಿಯಾಗಿ ತಿನ್ನಿ. ಸೊಪ್ಪು ಅಗಿದಾಗ ಅದರಲ್ಲಿರೋ ಗ್ಲುಕೋಸಿನೊಲೇಟ್ ಅನ್ನೋ ಗಂಧಕದ ಸಂಯುಕ್ತದ ಜೊತೆ ಮೈರೋಸಿನೇಸ್ ಕಿಣ್ವ ಬೆರೆತು ಆ ಘಾಟು ಹುಟ್ಟುತ್ತೆ. ಬಿಸಿ ಒಗ್ಗರಣೆಗೆ ಹಾಕಿದರೆ ಕಿಣ್ವ ಸತ್ತು ಬರೀ ಸೊಪ್ಪಾಗುತ್ತೆ. ಕೋಸಂಬರಿಗೆ ಬಡಿಸೋ ಹೊತ್ತಲ್ಲಿ ಬೆರೆಸಿ, ಕಾರ ಜಾಸ್ತಿಯಾದರೆ ಮೊಸರು ಸೇರಿಸಿ.

ಹಸಿರುಟ್ರೇ:
ಧನ್ಯವಾದ. ರಾಜಸ್ಥಾನದ ತಾರಾಮೀರಾ ಅನ್ನೋ ಬೆಳೆಯೂ ಅರುಗುಲಾನೇ ಅಂತ ಕೇಳಿದೆ. ಆ ಬೀಜ ಅಗ್ಗ, ಬಿತ್ತಬಹುದಾ?

ಬೀಜಗಣಿತ:
ಜಾತಿ ಒಂದೇ, ಎರೂಕಾ ಸಟೈವಾ. ಅಲ್ಲಿ ಎಣ್ಣೆಗೆ ಬೆಳೀತಾರೆ, ಇಟಲಿಯಲ್ಲಿ ಎಲೆಗೆ. ಒಂದನೇ ಶತಮಾನದಲ್ಲೇ ರೋಮನ್ ಲೇಖಕ ಪ್ಲಿನಿ ಇದು ಉಷ್ಣ, ಲೆಟ್ಯೂಸ್ ತಂಪು, ಅದಕ್ಕೇ ಎರಡನ್ನೂ ಸೇರಿಸಿ ತಿಂತಾರೆ ಅಂತ ಬರೆದಿದ್ದ, ಥೇಟ್ ನಮ್ಮ ಅಜ್ಜಿಯರ ಲೆಕ್ಕ! ಬಿತ್ತಬಹುದು, ಆದರೆ ಹೊಲಕ್ಕೆಂದು ಮಾರೋ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರಬಹುದು. ಲೇಪನ ಇಲ್ಲ ಅಂತ ಚೀಟಿಯಲ್ಲಿ ಬರೆದಿದ್ದರೆ ಮಾತ್ರ ತಗೊಳ್ಳಿ. ಮೊದಲು 50 ಬೀಜ ಒದ್ದೆ ಟಿಶ್ಯೂ ಮೇಲೆ ಹಾಕಿ ನೋಡಿ, ಮೂರು ದಿನದಲ್ಲಿ 45 ಮೊಳೆಯದಿದ್ದರೆ ಟ್ರೇಗೆ ಬೇಡ, ಸತ್ತ ಬೀಜದ ಮೇಲೇ ಬೂಷ್ಟು ಮೊದಲು ಹತ್ತೋದು.