ಅಣ್ಣನ ಬಾಲ್ ಬ್ಯಾಡ್ಮಿಂಟನ್ ರ‍್ಯಾಕೆಟ್ಟು, ಏಳು ಸ್ಕೋರ್ ಪುಸ್ತಕ: ಏನು ಮಾಡಲಿ?

ಶಿರಾಗೇಟ್_ಹುಡುಗ (ಕೇಳಿದವರು):

ಮುಂದಿನ ತಿಂಗಳು ನಮ್ಮಣ್ಣನ ವರ್ಷದ ತಿಥಿ. ಅಣ್ಣ ಅಂದ್ರೆ ನಮ್ಮ ತಂದೆ. ಚಿಕ್ಕಪ್ಪ, ಅತ್ತೆಯರೆಲ್ಲ ಹಾಗೆ ಕರೀತಿದ್ರು, ನಮ್ಮ ಬಾಯಿಗೂ ಅದೇ ಬಂತು. ಚಿಕ್ಕಪ್ಪ ಟೌನ್ ಹಾಲ್ ಸರ್ಕಲ್‌ನಲ್ಲಿ ಒಂದು ಫ್ಲೆಕ್ಸ್ ಹಾಕಿಸೋಣ, ‘ಕ್ರೀಡಾಪ್ರೇಮಿ, ಸ್ನೇಹಜೀವಿ’ ಅಂತ ಬರೆಸೋಣ ಅಂತಿದ್ದಾರೆ. ನನಗೆ ಮನಸ್ಸಿಲ್ಲ. ಅಣ್ಣನ ಪ್ರಕಾರ ಫ್ಲೆಕ್ಸಿನ ಉಪಯೋಗ ಒಂದೇ: ಹಳೇದಾದ ಮೇಲೆ ಬಿಚ್ಚಿ ತಂದು ಕೋರ್ಟ್ ಪಕ್ಕ ಕೂರೋಕೆ ಹಾಸೋದು.

ಅಣ್ಣ ಇಲ್ಲೇ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ರು, ಅಸೆಂಬ್ಲಿ ಸೆಕ್ಷನ್. ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋ ತೀರ್ಮಾನ 2016ರಲ್ಲಿ ಆಯ್ತಲ್ಲ, ಅದಕ್ಕೆ ಎಷ್ಟೋ ಮುಂಚೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡಿದ್ರು. ದಿನವಿಡೀ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಎಳ್ಳಿನಷ್ಟು ಸ್ಕ್ರೂ ಕೂರಿಸೋ ಮನುಷ್ಯ ಬೆಳಿಗ್ಗೆ ಕೋರ್ಟಿಗೆ ಇಳಿದ್ರೆ ಬೇರೇನೇ. ಸೆಂಟರ್‌ನಲ್ಲಿ ನಿಂತು ಹೊಡೆದ್ರೆ ಆ ಹಳದಿ ಉಣ್ಣೆ ಚೆಂಡು ‘ಟಪ್’ ಅಂತ ನೆಟ್ ದಾಟಿ ನೇರ ಎದುರಿನವನ ಕಾಲ ಬುಡಕ್ಕೆ.

ಆದರೆ ಏನೇ ಆಟ ಇದ್ರೂ ಒಂಬತ್ತಕ್ಕೆ ಮನೆ. ನಮ್ಮಜ್ಜಿಗೆ ಲಕ್ವ ಹೊಡೆದು ಆರು ವರ್ಷ ಹಾಸಿಗೆಯಲ್ಲಿದ್ರು. ಅಜ್ಜಿಯನ್ನ ಎತ್ತಿ ಬಚ್ಚಲಿಗೆ ಕರ್ಕೊಂಡು ಹೋಗೋದು ಅಣ್ಣನ ಕೆಲಸ, ಬೇರೆ ಯಾರು ಎತ್ತಿದ್ರೂ ಅಜ್ಜಿ ಬೈಯೋರು. ಅದಕ್ಕೇ ಟೂರ್ನಮೆಂಟ್‌ನಲ್ಲಿ ಇವರ ಮ್ಯಾಚ್ ಯಾವಾಗಲೂ ಮೊದಲನೇದು. 1996ರ ಅಕ್ಟೋಬರ್ 21 ನನಗೆ ಚೆನ್ನಾಗಿ ನೆನಪಿದೆ. ಬೆಂಗಳೂರಲ್ಲಿ ಆಸ್ಟ್ರೇಲಿಯಾ ಮೇಲೆ ಟೈಟನ್ ಕಪ್ ಮ್ಯಾಚು. ಸಚಿನ್ 88ಕ್ಕೆ ಔಟಾಗಿ, 164ಕ್ಕೆ ಎಂಟು ವಿಕೆಟ್ ಹೋಗಿ, ಪಕ್ಕದ ಮನೆಯವರು ಟಿವಿ ಆರಿಸಿ ಮಲಗಿದ್ರು. ಅಣ್ಣ ಗಂಜಿ ಬಟ್ಟಲು ಹಿಡ್ಕೊಂಡು ಅಜ್ಜಿ ಮಂಚದ ಪಕ್ಕ ನಿಂತಿದ್ದಾರೆ, ಕಣ್ಣು ಮಾತ್ರ ಟಿವಿ ಮೇಲೆ. ಕುಂಬ್ಳೆ, ಶ್ರೀನಾಥ್ ಇಬ್ಬರೂ ಸೇರಿ ಬೇಕಿದ್ದ 52 ರನ್ ಮುಗಿಸೋ ತನಕ ಚಮಚ ಅರ್ಧ ದಾರಿಯಲ್ಲೇ. ಅಜ್ಜಿ ಬಾಯಿ ತೆಕ್ಕೊಂಡು ಕಾದು ಕಾದು ಕೊನೆಗೆ, “ಲೋ, ಅವರು ಗೆಲ್ಲೋದು ಆಮೇಲೆ, ನಂಗೆ ಗಂಜಿ ಹಾಕೋ” ಅಂದಿದ್ದು.

ನನಗೆ ಮಾತ್ರ ಆಟ ಒಲಿಯಲೇ ಇಲ್ಲ. ತಂಗಿ ಆಡ್ತಿದ್ಲು, ಚೆನ್ನಾಗೇ ಆಡ್ತಿದ್ಲು. ನಾನು ರ‍್ಯಾಕೆಟ್ ಬೀಸಿದ್ರೆ ಚೆಂಡು ಒಂದು ಕಡೆ, ನಾನೊಂದು ಕಡೆ. ಹತ್ತು ವರ್ಷ ಆದಾಗಿಂದ ನನ್ನನ್ನ ಸ್ಕೋರ್ ಬರೆಯೋಕೆ ಕೂರಿಸಿದ್ರು. ಯಾರೂ ಇಲ್ಲ ಅಂತ ನನ್ನನ್ನ ಕೂರಿಸ್ತಾರೆ ಅಂತಲೇ ತಿಳ್ಕೊಂಡಿದ್ದೆ. ಹಾಗೆ ತುಂಬಿದ ಏಳು ನೋಟ್‌ಬುಕ್ ಇವೆ. ಮೊದಲನೇದರ ಶುರುವಿನ ಎರಡು ಪುಟ ಮಾತ್ರ ಅಣ್ಣ ಬರೆದಿದ್ದು, ದುಂಡಗಿನ ಅಕ್ಷರ. ಆಮೇಲೆಲ್ಲ ನನ್ನ ಕಾಗೆ ಕಾಲು.

ಈಗ ಕೇಳಬೇಕಾದ್ದು. ಮರದ ರ‍್ಯಾಕೆಟ್ ಒಂದಿದೆ, ಹಿಡಿಗೆ ಸೈಕಲ್ ಟ್ಯೂಬು, ಅದರ ಮೇಲೆ ಅಮ್ಮನ ಹಳೇ ಸೀರೆ ಪಟ್ಟಿ. ಬೋರ್ನ್‌ವಿಟಾ ಡಬ್ಬಿಯಲ್ಲಿ ನುಸಿಗುಳಿಗೆ ಹಾಕಿಟ್ಟ ಆರು ಚೆಂಡು. (ಆ ಡಬ್ಬಿ ಟ್ರಂಕಲ್ಲೇ ಇರ್ತಿತ್ತು. ಅಮ್ಮನ ಧಾರೆ ಸೀರೆಗೂ ಅದೇ ವಾಸನೆ.) ಇವನ್ನ ಯಾವುದಾದ್ರೂ ಶಾಲೆಗೆ ಕೊಡೋದಾ? ಅಣ್ಣನ ಹೆಸರಲ್ಲಿ ಟೂರ್ನಮೆಂಟ್ ಮಾಡೋದಾ? ತಂಗಿಯನ್ನ ಕೇಳಿದ್ರೆ “ನಂಗೆ ಬೇಡ, ನೋಡಿದ್ರೆ ಅಳು ಬರುತ್ತೆ” ಅಂತಾಳೆ.

---

ಕೊರಟಗೆರೆ_ಕಡೆಯವ:

ಟೂರ್ನಮೆಂಟ್ ವಿಷಯ ಅನುಭವದ ಮೇಲೆ ಹೇಳ್ತೀನಿ, ಬೇಜಾರಾಗಬೇಡಿ. ನಮ್ಮ ಮಾವನ ಹೆಸರಲ್ಲಿ ವಾಲಿಬಾಲ್ ಮಾಡಿಸಿದ್ವಿ. ಮೊದಲ ವರ್ಷ ಹಬ್ಬ. ಎರಡನೇ ವರ್ಷ ಮುಖ್ಯ ಅತಿಥಿಗಳು ಬಂದಿದ್ದೇ ಹತ್ತೂವರೆಗೆ, ಹಾರ, ಶಾಲು, ಭಾಷಣ ಮುಗಿಯೋ ಹೊತ್ತಿಗೆ ಹುಡುಗರು ಬಿಸಿಲಲ್ಲಿ ಬೆಂದುಹೋಗಿದ್ರು. ಮೈಕ್‌ಸೆಟ್ಟು, ಶಾಮಿಯಾನ, ಊಟ ಅಂತ ಖರ್ಚೆಲ್ಲ ಆಟಕ್ಕಲ್ಲ, ಆಟದ ಸುತ್ತಕ್ಕೇ ಆಯ್ತು. ಮೂರನೇ ವರ್ಷ ಯಾರೂ ಮಾತೇ ಎತ್ತಲಿಲ್ಲ. ಒಂಬತ್ತಕ್ಕೆ ಮನೆ ಸೇರ್ತಿದ್ದ ಮನುಷ್ಯನ ಹೆಸರಲ್ಲಿ ಇದೆಲ್ಲ ಯಾಕೆ?

---

ನಿವೃತ್ತ_ಪಿಟಿ_ಮೇಷ್ಟ್ರು:

ರ‍್ಯಾಕೆಟ್ ಶಾಲೆಗೆ ಕೊಡಬೇಡಿ. ಈಗಿನ ಮಕ್ಕಳು ಮರದ ರ‍್ಯಾಕೆಟ್ ಹಿಡಿಯಲ್ಲ, ಭಾರ. ಒಂದು ವಾರ ಸ್ಟಾಫ್ ರೂಮಿನ ಬೀರು ಮೇಲೆ ಇರುತ್ತೆ, ಆಮೇಲೆ ಗುಜರಿ. ನಾನೇ ನೋಡಿದ್ದೀನಿ.

ಮನೇಲೇ ಇಟ್ಕೊಳಿ, ಆದರೆ ಮೊದಲು ತಂತಿ ಬಿಚ್ಚಿಸಿ. ಬಿಗಿ ತಂತಿ ವರ್ಷಾನುಗಟ್ಟಲೆ ಎಳೀತಾ ಇದ್ರೆ ಚೌಕಟ್ಟು ಸೊಟ್ಟಗಾಗುತ್ತೆ. ಗೋಡೆಗೆ ಮೊಳೆ ಹೊಡೆದು ನೇತುಹಾಕಬೇಡಿ, ತೇವ, ಬಿಸಿಲು ಎರಡೂ ಆಗಲ್ಲ. ಸಮತಟ್ಟಾಗಿ ಮಲಗಿಸಿ. ಹಿಡಿಯ ಸೀರೆ ಪಟ್ಟಿ ಹಾಗೇ ಇರಲಿ.

ಫ್ಲೆಕ್ಸಿಗೆ ಹಾಕೋ ದುಡ್ಡಲ್ಲಿ ಒಂದು ನೆಟ್ಟು, ಒಂದು ಡಜನ್ ಚೆಂಡು ತಗೊಂಡು ಯಾವುದಾದ್ರೂ ಸರ್ಕಾರಿ ಹೈಸ್ಕೂಲಿಗೆ ಕೊಡಿ. ಚೆಂಡಿನ ತೂಕ 27ರಿಂದ 30 ಗ್ರಾಂ ಇರಬೇಕು. ಅಗ್ಗದ್ದು ಕೊಟ್ರೆ ಎರಡೇ ದಿನಕ್ಕೆ ನೂಲು ಬಿಚ್ಚಿಕೊಂಡು ಬೆಕ್ಕಿನ ಆಟದ ಸಾಮಾನಾಗುತ್ತೆ. 24 ಮೀಟರ್ ಉದ್ದ, 12 ಮೀಟರ್ ಅಗಲ ಜಾಗ, ಸುಣ್ಣದ ಪುಡಿ ಇದ್ರೆ ಕೋರ್ಟು. ಐದೈದು ಜನ ಆಡ್ತಾರೆ, ಮೈದಾನ ಚಿಕ್ಕದಿರೋ ಶಾಲೆಗೆ ಇದಕ್ಕಿಂತ ಒಳ್ಳೇ ಆಟ ಇಲ್ಲ. ಕ್ರಿಕೆಟ್ ಬಂದು ಎಲ್ಲ ನುಂಗಿತು, ಇರಲಿ.

ಆ ಪುಸ್ತಕ ಯಾರಿಗೂ ಕೊಡಬೇಡಿ. 29 ಪಾಯಿಂಟಿಗೆ ಗೇಮ್ ಮುಗೀತಿದ್ದ ಕಾಲದವು ಅಲ್ವಾ? ಈಗ 35 ಆಗಿದೆ.

---

ಅಮಾನಿಕೆರೆ_ವಾಕಿಂಗ್:

ಶಿರಾಗೇಟ್ ಹುಡುಗ, ನೀನು ಯಾರ ಮಗ ಅಂತ ಗೊತ್ತಾಯ್ತು ಕಣಪ್ಪ. ಸೀರೆ ಪಟ್ಟಿ ಅಂದ ತಕ್ಷಣ. ಹಸಿರು ಬಣ್ಣ, ಕೆಂಪು ಅಂಚು, ಹೌದು ತಾನೇ?

ನಾನು ಪಕ್ಕದ ಸೆಕ್ಷನ್‌ನಲ್ಲಿದ್ದೆ. ಮಂಡಿ ಪೆಟ್ಟಾಗಿ ಆಡೋದು ಬಿಟ್ಟ ಮೇಲೆ ಬರಿಗೈಲಿ ಹೋಗೋಕೆ ಮನಸ್ಸಾಗದೆ ಸ್ಕೋರ್ ಬರೀತಾ ಕೂರ್ತಿದ್ದೆ. ಒಂದು ಭಾನುವಾರ ಆಟ ಮುಗಿದ ಮೇಲೆ ನಿಮ್ಮ ತಂದೆ ನನ್ನನ್ನ ಹೋಟ್ಲಿಗೆ ಕರ್ಕೊಂಡು ಹೋದ್ರು. ಒಂಬತ್ತಾಗ್ತಾ ಬಂದಿತ್ತು, ಆ ಹೊತ್ತಲ್ಲಿ ಅವರು ಮನೆ ಬಿಟ್ಟು ಬೇರೆ ಕಡೆ ಹೋಗಿದ್ದು ನಾನು ನೋಡಿದ್ದು ಅದೊಂದೇ ಸಲ. ಎರಡು ತಟ್ಟೆ ಇಡ್ಲಿ ತಿನ್ನೋ ತನಕ ಮಾತಿಲ್ಲ. ಕಾಫಿ ಬಂದ ಮೇಲೆ, “ನಿನ್ನ ಪುಸ್ತಕ ನನ್ನ ಮಗನಿಗೆ ಬಿಟ್ಟುಕೊಡ್ತೀಯೇನೋ? ತಂಗಿ ಆಡ್ತಾಳೆ, ಇವನು ಸೈಕಲ್ ಸ್ಟ್ಯಾಂಡ್ ಹತ್ರ ಒಬ್ಬನೇ ನಿಂತಿರ್ತಾನೆ” ಅಂದ್ರು. ಕೇಳೋಕೆ ಅವರಿಗೆ ಸಂಕೋಚ, ಇಲ್ಲ ಅನ್ನೋಕೆ ನನಗೆ ಸಂಕೋಚ. ನನಗೂ ಅದೊಂದೇ ನೆಪ ಇದ್ದಿದ್ದು ನೋಡು. ಕೊಟ್ಟೆ. ಮುಂದಿನ ವಾರದಿಂದ ನನ್ನನ್ನ ಲೈನ್ ನೋಡೋಕೆ ನಿಲ್ಲಿಸಿದ್ರು. ಮಂಡಿ ನೋವಿನವನನ್ನ ನಿಲ್ಲಿಸ್ತಾರೇನ್ರೀ ಅಂತ ರೇಗಿದ್ದಕ್ಕೆ, ಅದರ ಮುಂದಿನ ವಾರ ಮನೆಯಿಂದ ಸ್ಟೂಲ್ ಹೊತ್ಕೊಂಡು ಬಂದ್ರು.

ಈಗಲೂ ನಾವು ನಾಲ್ಕೈದು ಜನ ಭಾನುವಾರ ಏಳಕ್ಕೆ ಕೆರೆ ಏರಿ ಮೇಲೆ ಸಿಗ್ತೀವಿ. ಆಡೋದಿಲ್ಲ, ನಡೆಯೋದೂ ಅಷ್ಟಕ್ಕಷ್ಟೇ.

---

ಶಿರಾಗೇಟ್_ಹುಡುಗ:

ಹಸಿರೇ ಸರ್, ಕೆಂಪು ಅಂಚು.

ಆ ಸ್ಟೂಲು ನಮ್ಮಜ್ಜಿ ಸ್ನಾನಕ್ಕೆ ಕೂರ್ತಿದ್ದಿದ್ದು. ಭಾನುವಾರ ಬೆಳಿಗ್ಗೆ ಎಲ್ಲಿ ಹೋಗುತ್ತೆ ಅಂತ ಅಮ್ಮ ಹುಡುಕೋರು.

ಚಿಕ್ಕಪ್ಪನಿಗೆ ಫ್ಲೆಕ್ಸ್ ಬೇಡ ಅಂತ ಹೇಳಿಬಿಟ್ಟೆ, ನೆಟ್ಟು, ಚೆಂಡಿಗೆ ಒಪ್ಪಿದ್ದಾರೆ. ಮೇಷ್ಟ್ರೇ, ತಂತಿ ಬಿಚ್ಚಿಸ್ತೀನಿ.

ಈಗಷ್ಟೇ ಮೊದಲನೇ ಪುಸ್ತಕ ತೆಗೆದು ನೋಡಿದೆ. ಆ ಎರಡು ಪುಟದ ದುಂಡಗಿನ ಅಕ್ಷರ ನಿಮ್ಮದು ಸರ್. ಇಷ್ಟು ದಿನ ಅಣ್ಣಂದು ಅಂತ ನೋಡ್ತಿದ್ದೆ. ಭಾನುವಾರ ಏಳಕ್ಕೆ ತರ್ತೀನಿ.