ಉ: ಶಾಲೆಯ ಕೆರೆ ನಕ್ಷೆಗೆ ಪದ ಬೇಕು ('ಅಚ್ಚುಕಟ್ಟು' ಆಗುವುದಿಲ್ಲ)

ಕೆರೆಗೆ ಮಳೆ ನೀರು ಹರಿದು ಬರುವ ನೆಲಕ್ಕೆ (ಇಂಗ್ಲಿಷಿನ ಕ್ಯಾಚ್‌ಮೆಂಟ್) ನಕ್ಷೆಯಲ್ಲಿ ಯಾವ ಪದ ಹಾಕಬೇಕು ಎಂದು ಕೇಳಿದ್ದೀರಿ, ನಾಳೆಯೇ ಮುದ್ರಣಕ್ಕೆ ಕೊಡಬೇಕು ಎಂದಿದ್ದೀರಿ. ಹಾಗಾಗಿ ಉತ್ತರ ಮೊದಲು: ಒಂಬತ್ತನೇ ತರಗತಿ ಮಕ್ಕಳ ನಕ್ಷೆಗೆ 'ಜಲಾನಯನ ಪ್ರದೇಶ' ಎಂದೇ ಹಾಕಿ.

'ಅಚ್ಚುಕಟ್ಟು ಅಚ್ಚಗನ್ನಡ, ಅದನ್ನೇ ಬಳಸಿ' ಎಂಬ ಸಲಹೆ ತಪ್ಪು. ಅಚ್ಚುಕಟ್ಟು ಇರುವುದು ಏರಿಯ, ಅಂದರೆ ಕೆರೆಯ ಕಟ್ಟೆಯ, ಕೆಳಗೆ. ತೂಬು (ಕೆರೆಯಿಂದ ನೀರು ಬಿಡುವ ಬಾಗಿಲು) ಎತ್ತಿದರೆ ನೀರುಣ್ಣುವ ಗದ್ದೆ ಬಯಲು ಅದು. ನಿಮಗೆ ಬೇಕಿರುವುದು ಕೆರೆಯ ಮೇಲುಗಡೆ, ಮಳೆ ನೀರು ಇಳಿದು ಬರುವ ನೆಲ. ಬೆಂಗಳೂರಿನ ಬನಶಂಕರಿ ಕಡೆ ಚೆನ್ನಮ್ಮನಕೆರೆ ಅಚ್ಚುಕಟ್ಟು ಎಂಬ ಬಡಾವಣೆಯೇ ಇದೆ. ಗದ್ದೆ ಹೋಗಿ ಮನೆ ಬಂದರೂ ಹೆಸರು ಉಳಿದಿದೆ. ಅದು ಯಾವ ನೆಲದ ಹೆಸರು ಎಂದು ಮಕ್ಕಳಿಗೆ ಹೇಳಿಕೊಡುವುದು ಬಿಟ್ಟು, ಅರ್ಥವನ್ನೇ ತಿರುಗಿಸುವುದು ಸರಿಯಲ್ಲ. ತೆಲುಗಿನಲ್ಲಿ ಇದೇ ಅರ್ಥಕ್ಕೆ 'ಆಯಕಟ್ಟು' ಅಂತಾರೆ. ನಮ್ಮಲ್ಲಿ ಆ ಮಾತು 'ಆಯಕಟ್ಟಿನ ಜಾಗ' ಎಂದು ಬೇರೆ ದಾರಿ ಹಿಡಿದಿದೆ.

'ಜಲಾನಯನ, ಜಲವಿಭಾಜಕ ಎರಡೂ ಒಂದೇ ಅಲ್ವಾ' ಎಂದವರಿಗೆ: ಅಲ್ಲ. ಇಂಗ್ಲಿಷಿನವರು ಎರಡಕ್ಕೂ ವಾಟರ್‌ಶೆಡ್ ಎನ್ನುತ್ತಾರೆ, ಗೊಂದಲ ಬಂದದ್ದು ಅಲ್ಲಿಂದ. ಆನಯನ ಎಂದರೆ ತರುವುದು. ನೀರು ತಂದುಕೊಡುವ ನೆಲ ಜಲಾನಯನ. ನೀರು ಎರಡು ಪಾಲಾಗುವ ದಿಣ್ಣೆ ಜಲವಿಭಾಜಕ. ಬೆಂಗಳೂರೇ ಅಂಥ ದಿಣ್ಣೆಯ ಮೇಲಿದೆ. ಪಡುವಣಕ್ಕೆ ಇಳಿದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ. ಮೂಡಣಕ್ಕೆ ಇಳಿದದ್ದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ನದಿಗೆ. ನಕ್ಷೆಯ ಒಂದು ಮೂಲೆಯಲ್ಲಿ ಇದನ್ನೂ ಬರೆಸಿ. ಪಠ್ಯದ ಎರಡು ಸಾಲಿನ ವ್ಯಾಖ್ಯೆಗಿಂತ ಜಾಸ್ತಿ ತಲೆಗೆ ಹೋಗುತ್ತದೆ.

ಇದಕ್ಕೇ ಹೊಸದಾಗಿ ಕಟ್ಟಿದ 'ನೀರ್ಕೂಡುನೆಲ' ಎಂಬ ಪದವೂ ಬೇಡ. ಯಾರೂ ಆಡದ ಮಾತು ಅಚ್ಚಗನ್ನಡ ಎಂಬ ಮಾತ್ರಕ್ಕೆ ಮಕ್ಕಳಿಗೆ ಸುಲಭವಾಗುವುದಿಲ್ಲ. ಜನರ ಬಾಯಲ್ಲಿ ಪದವಿದ್ದರೆ ಅದನ್ನು ಬಿಡಬಾರದು, ಅಷ್ಟೇ. ಏರಿ, ತೂಬು, ಕೋಡಿ (ತುಂಬಿದ ಕೆರೆಯ ಹೆಚ್ಚಿನ ನೀರು ಹರಿದು ಹೋಗುವ ಜಾಗ) ಹಾಗೇ ಇರಲಿ. ಸುಮ್ನೆ 'ಜಲನಿರ್ಗಮನ ದ್ವಾರ' ಅಂತೆಲ್ಲ ಬರೆಯಬೇಡಿ. ಲ್ಯಾಟರೈಟ್ ಎಂಬ ಕೆಂಪು ಕಲ್ಲುಮಣ್ಣಿಗೆ ಶಾಲೆಯಲ್ಲಿ 'ಜಂಬಿಟ್ಟಿಗೆ ಮಣ್ಣು' ಎಂದು ಕಲಿಸುವುದು ನನಗೆ ಬಹಳ ಇಷ್ಟ. ನಮ್ಮ ಸೀಮೆಯನ್ನು ಸುತ್ತಿ ಬರೆದ ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟಿನ್ನಿನ ಇಟ್ಟಿಗೆ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮ ಜನರೂ ಆ ಕಲ್ಲಿನಲ್ಲಿ ಇಟ್ಟಿಗೆಯನ್ನೇ ಕಂಡರು. ಆದರೆ ಈ ಇಟ್ಟಿಗೆಯೂ ಸಂಸ್ಕೃತದ 'ಇಷ್ಟಕಾ'ದ ತದ್ಭವವೇ. ಸಂಸ್ಕೃತದ್ದೆಲ್ಲ ಆಚೆ ಹೋಗಲಿ ಎನ್ನುವವರು ಇದನ್ನು ಎಲ್ಲಿಡುತ್ತಾರೆ? ತಂದ ಪದ ತಪ್ಪಲ್ಲ, ಇದ್ದ ಪದವನ್ನು ಕೆಡಿಸುವುದು ತಪ್ಪು.

ನಕ್ಷೆಗೆ ಹೀಗೆ ಮಾಡಿ. ದೊಡ್ಡ ಅಕ್ಷರದಲ್ಲಿ 'ಜಲಾನಯನ ಪ್ರದೇಶ', ಅದರಡಿ ಸಣ್ಣದಾಗಿ 'ಕೆರೆಗೆ ನೀರು ಬರುವ ನೆಲ'. ಏರಿಯ ಕೆಳಗೆ ಹಸಿರು ಬಳಿದ ಕಡೆ 'ಅಚ್ಚುಕಟ್ಟು'. ಕರಡು ತಿದ್ದುವಾಗ 'ಜಲಾನಯನ'ದ 'ಲಾ' ದೀರ್ಘ ಇದೆಯೇ ನೋಡಿ. ದೀರ್ಘ ಬಿಟ್ಟುಹೋದರೆ ಅದು ಬೇರೆಯೇ ಪದ.